ನಮ್ಮವರ ಕುರ್ಚಿಗೆ ಬರುವವಳು ಊಟಕ್ಕೆ ಬಂದಳು

ಕಳೆದ ಮಂಗಳವಾರ ಸಂಜೆ ನಮ್ಮ ಮನೆಗೆ ಊಟಕ್ಕೆ ಬಂದಿದ್ದವಳು ನನ್ನ ಗಂಡನ ಕೆಲಸಕ್ಕೆ ಬರಲಿರುವವಳು. ಅವಳ ತಟ್ಟೆಗೆ ಬಿಸಿ ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದವಳು ನಾನು.

ಹುಚ್ಚು ಅನ್ನಿಸುತ್ತದಲ್ಲವೇ? ನನಗೂ ಹಾಗೇ ಅನ್ನಿಸಿತ್ತು. ಆದರೆ ಈ ಐಡಿಯಾ ನನ್ನದಲ್ಲ, ನಮ್ಮವರದ್ದು. (ಈ ಮನೆಯಲ್ಲಿ ಐಡಿಯಾಗಳೆಲ್ಲ ಇವರವು, ಅದಕ್ಕೆ ಬೇಳೆ ಬೇಯಿಸುವುದು ಮಾತ್ರ ನಾನು. ಇವರು ನನ್ನ ಅಂಕಣ ಓದುವುದಿಲ್ಲವಾದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.)

ಹಿನ್ನೆಲೆ ಹೇಳಿಬಿಡುತ್ತೇನೆ. ನಮ್ಮವರು, ಅಂದರೆ ಪ್ರಸನ್ನ, ನೈರೋಬಿಯ ಒಂದು ಟೆಲಿಕಾಂ ಕಂಪನಿಯಲ್ಲಿದ್ದಾರೆ. ಈ ದೇಶದ ಉದ್ದಗಲಕ್ಕೂ ನಿಂತಿರುವ ಮೊಬೈಲ್ ಟವರ್‌ಗಳಲ್ಲಿ ಯಾವುದಾದರೂ ಕೈಕೊಟ್ಟರೆ, ಇದೇ ಊರಿನ ಹರ್ಲಿಂಗ್‌ಹ್ಯಾಮ್‌ನ ಆಫೀಸಿನಲ್ಲಿ ಇವರ ಸ್ಕ್ರೀನ್ ಮೇಲೆ ಒಂದು ಕೆಂಪು ಚುಕ್ಕೆ ಮೂಡುತ್ತದೆ. ಯಾವ ಕೆಂಪಿಗೆ ಜೀಪು ಕಳಿಸಬೇಕು, ಯಾವುದು ಸುಮ್ಮನೆ ಬಿಟ್ಟರೆ ತಾನೇ ಹಸಿರಾಗುತ್ತದೆ ಎಂದು ಹೇಳುವುದು ಇವರ ಕೆಲಸ. ಕೇಳಲು ಸುಲಭ. ಆದರೆ ಮಳೆ ಹುಯ್ದ ದಿನ ಸ್ಕ್ರೀನ್ ತುಂಬಾ ಕೆಂಪೇ ಕೆಂಪು. ಆಗ ತಪ್ಪು ಟವರಿನ ಕಡೆ ಜೀಪು ಓಡಿಸಿದರೆ, ಇನ್ನೆಲ್ಲೋ ಒಂದು ಊರಿಗೆ ಊರೇ ಫೋನಿಲ್ಲದೆ ಕೂರುತ್ತದೆ. ಇವರ ಕಣ್ಣು ಮಾತ್ರ ತಪ್ಪುವುದಿಲ್ಲ. ಮಳೆಯ ಕೆಂಪು ಯಾವುದು, ನಿಜವಾದ ಕೆಂಪು ಯಾವುದು ಎಂದು ನೋಡಿದ ಕೂಡಲೇ ಹೇಳುತ್ತಾರೆ. ಕಂಪನಿ ಬೆಂಗಳೂರಿನಿಂದ ನಮ್ಮನ್ನು ಇಲ್ಲಿಗೆ ಕಳಿಸಿದ್ದೇ ಈ ವಿದ್ಯೆಗಾಗಿ.

ಜೊತೆಗೆ ಒಂದು ಷರತ್ತೂ ಇತ್ತು. ಹೊರಗಿನಿಂದ ಬಂದವರಿಗೆ ಇಲ್ಲಿ ಕೆಲಸದ ಪರ್ಮಿಟ್ ಕೊಡುವಾಗ, ಇಲ್ಲಿಯವರೊಬ್ಬರಿಗೆ ಈ ಕೆಲಸ ಕಲಿಸಿಕೊಡಿ ಎನ್ನುತ್ತದೆ ಸರ್ಕಾರ. ಹಾಗೆ ಕಲಿಯುವವರಿಗೆ ಅಂಡರ್‌ಸ್ಟಡಿ ಎಂದು ಹೆಸರು. ನಮ್ಮವರ ಅಂಡರ್‌ಸ್ಟಡಿ ವಂಜಿರು. ಇಲ್ಲೇ ಓದಿದ ಎಂಜಿನಿಯರ್. ಇನ್ನೂ ಮೂವತ್ತಾಗಿಲ್ಲ. ಮಾತು ಕಡಿಮೆ, ನಗು ಜಾಸ್ತಿ. ಅವಳು ಪೂರ್ತಿ ಕಲಿತ ದಿನ ನಾವು ಗಂಟುಮೂಟೆ ಕಟ್ಟಬೇಕು.

ಈಗ ನೀವೇ ಹೇಳಿ. ನಿಮ್ಮ ಕುರ್ಚಿಯಲ್ಲಿ ಕೂರಲಿರುವವರಿಗೆ ನೀವೇ ಪಾಠ ಮಾಡಬೇಕು ಎಂದರೆ ಎಷ್ಟು ಪಾಠ ಮಾಡುತ್ತೀರಿ?

ನಮ್ಮವರು ಮಾಡಿದ್ದು ಇಷ್ಟು. ಬಿಸಿಲಿನ ದಿನಗಳಲ್ಲಿ ವಂಜಿರುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ಲೈಡ್ ಮೇಲೆ ಸ್ಲೈಡ್ ತೋರಿಸುವುದು. ಮೋಡ ಕಟ್ಟಿತೋ, ಅವಳನ್ನು ಜೀಪು ಹತ್ತಿಸಿ ಟವರ್ ನೋಡಿಕೊಂಡು ಬಾ ಎಂದು ಹಳ್ಳಿ ಕಡೆ ಕಳಿಸುವುದು. ಅಂದರೆ ಕಲಿಯುವಂಥದ್ದು ಸ್ಕ್ರೀನ್ ಮೇಲೆ ಬರುವ ದಿನ ಅವಳು ಆಫೀಸಿನಲ್ಲೇ ಇರುವುದಿಲ್ಲ. ಇದನ್ನು ಮನೆಗೆ ಬಂದು ಒಂದು ದೊಡ್ಡ ಸಾಧನೆಯ ಹಾಗೆ ಹೇಳುತ್ತಿದ್ದರು. ತಪ್ಪಲ್ಲವೇನ್ರೀ ಎಂದು ಕೇಳಿದರೆ, ಪ್ರಾಕ್ಟಿಕಲ್ ಆಗಿರಬೇಕು ಎಂದು ನನಗೇ ಬುದ್ಧಿ ಹೇಳುತ್ತಿದ್ದರು.

ಇವರನ್ನು ಪೂರ್ತಿ ಬೈಯಲೂ ಆಗುವುದಿಲ್ಲ. ಈ ಕೆಲಸವನ್ನು ಇವರಿಗೆ ಕಲಿಸಿದ್ದು ಇಂಗ್ಲೆಂಡಿನ ಒಬ್ಬ ಹಿರಿಯ. ಅಲ್ಲಿದ್ದ ಕೆಲಸ ಬೆಂಗಳೂರಿಗೆ ಹೊರಟಾಗ, ಆತ ಕುರ್ಚಿ ಖಾಲಿ ಮಾಡುವ ಮುಂಚೆ ಇವರಿಗೆ ಎಲ್ಲ ಹೇಳಿಕೊಡಬೇಕಿತ್ತು. ಮುಖ್ಯವಾದ ವಿಷಯ ಬಂದಾಗಲೆಲ್ಲ ಆತ ಟೀ ಮಾಡಿಕೊಂಡು ಬರುತ್ತೇನೆಂದು ಎದ್ದು ಹೋಗುತ್ತಿದ್ದನಂತೆ. ನಮ್ಮವರು ಆಗ ಆತನನ್ನು ಮನಸಾರೆ ಬೈದುಕೊಂಡಿದ್ದರು. ಆತ ಎಷ್ಟು ಟೀ ಕುಡಿದರೂ ಕೆಲಸ ಉಳಿಯಲಿಲ್ಲ. ಅದು ಬೆಂಗಳೂರಿಗೆ ಬಂತು. ಆಮೇಲೆ ನೈರೋಬಿಗೆ ಬಂತು. ಆ ಹಿರಿಯ ಮುಂದೆ ಏನಾದ, ಹೊಟ್ಟೆಪಾಡಿಗೆ ಏನು ಮಾಡಿಕೊಂಡ ಎಂದು ನಾವ್ಯಾರೂ ವಿಚಾರಿಸಲಿಲ್ಲ. ನಮಗೆ ಆಗ ಪ್ರಮೋಷನ್ನಿನ ಸಂಭ್ರಮ.

ಪರ್ಮಿಟ್ ಮುಗಿಯುತ್ತಾ ಬಂತು. ರಿನ್ಯೂ ಮಾಡಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಕಂಪನಿ ಕಳೆದ ಶುಕ್ರವಾರ ಮೀಟಿಂಗ್ ಇಟ್ಟಿತು. ಅಲ್ಲಿ ವಂಜಿರುವಿಗೆ ಒಂದೇ ಪ್ರಶ್ನೆ: ಪ್ರಸನ್ನ ಇಲ್ಲದೆ ನೀನು ಈ ಕೆಲಸ ಮಾಡಬಲ್ಲೆಯಾ? ಹೌದು ಎಂದರೆ ನಾವು ವಿಮಾನ ಹತ್ತಬೇಕು. ಇಲ್ಲ ಎಂದರೆ, ಇಷ್ಟು ದಿನ ನೀನು ಕಲಿಸಿದ್ದೇನಯ್ಯಾ ಎಂದು ಇವರನ್ನು ಹಿಡಿದುಕೊಳ್ಳುತ್ತಾರೆ. ಆಗಲೂ ವಿಮಾನವೇ. ಅತ್ತ ದರಿ, ಇತ್ತ ಪುಲಿ.

ವಾಪಸ್ ಹೋದರೆ ಬೆಂಗಳೂರಿನ ಕಂಪನಿ ಇದೆಯಲ್ಲ ಎನ್ನುತ್ತೀರಾ? ನಾನೂ ಅದನ್ನೇ ಅಂದೆ. ಇವರು ತಮ್ಮ ಹಳೇ ಟೀಮಿನ ಗೆಳೆಯನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ನನಗೇ ಕೇಳಿಸಿದರು. ಆ ಟೀಮೇ ಇಲ್ಲವಂತೆ. ಅಲ್ಲಿನ ಸ್ಕ್ರೀನ್‌ಗಳನ್ನು ಈಗ ಸಾಫ್ಟ್‌ವೇರ್ ನೋಡಿಕೊಳ್ಳುತ್ತಿದೆಯಂತೆ. ಆ ಗೆಳೆಯ ಕೆಲಸ ಹುಡುಕುತ್ತಿದ್ದಾನೆ. ಅಲ್ಲಿ ನೈರೋಬಿಯಲ್ಲಿ ಏನಾದರೂ ಇದೆಯಾ ಎಂದು ಅವನೇ ಇವರನ್ನು ಕೇಳಿದ. ನನಗೆ ನಿಜವಾಗಿ ಭಯವಾದದ್ದು ಆಗ. ನಿಧಿಗೆ, ನಮ್ಮ ಮಗಳಿಗೆ, ಇದು ಸ್ಕೂಲಿನ ಕೊನೆಯ ವರ್ಷ. ಮಧ್ಯದಲ್ಲಿ ಎಬ್ಬಿಸಿಕೊಂಡು ಎಲ್ಲಿಗೆ ಹೋಗುವುದು?

ಈ ಇಕ್ಕಟ್ಟಿಗೆ ನಮ್ಮವರು ಕಂಡುಕೊಂಡ ಪರಿಹಾರವೇ ಹೋಳಿಗೆ. ವಂಜಿರುವನ್ನು ಮನೆಗೆ ಕರೆಯುವುದು, ಹೊಟ್ಟೆ ತುಂಬಾ ಬಡಿಸುವುದು, ಆಮೇಲೆ ಮೆಲ್ಲಗೆ ಕೇಳುವುದು: ಬಹುತೇಕ ಕಲಿತಿದ್ದೇನೆ, ಇನ್ನೊಂದು ವರ್ಷ ಬೇಕು ಎಂದು ಹೇಳಿಬಿಡು. ಹೌದೂ ಅಲ್ಲದ, ಇಲ್ಲವೂ ಅಲ್ಲದ ಉತ್ತರ.

"ಅವಳು ಒಪ್ತಾಳೆ ಅಂತ ಏನು ಗ್ಯಾರಂಟಿ?" ಎಂದೆ.

"ಉಂಡ ಮನೆಗೆ ಎರಡು ಬಗೆಯೋರುಂಟೇನೇ?"

ನೋಡಿ, ಎಂಜಿನಿಯರಿಂಗ್ ಓದಿ ಮೂರು ಖಂಡದ ಟವರ್ ನೋಡಿದ ಮನುಷ್ಯ ಕೊನೆಗೆ ನಂಬಿದ್ದು ಅನ್ನದ ಋಣವನ್ನು. ಆ ಋಣ ವಂಜಿರುವಿಗೆ ಗೊತ್ತಿದೆಯೇ ಎಂದು ಕೇಳಿಕೊಳ್ಳಲೇ ಇಲ್ಲ.

ಅವಳು ಬಂದಳು. ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಫ್ಲಾಟಿನ ಹತ್ತಿರ ಮಟಾಟು, ಅಂದರೆ ಇಲ್ಲಿನ ಮಿನಿ ಬಸ್ಸು, ಇಳಿದು, ಎರಡೂ ಕೈಯಲ್ಲಿ ಚೀಲ ಹಿಡಿದು. ಬಾಗಿಲಲ್ಲೇ ನನ್ನ ಕೈಗೆ ಸಕ್ಕರೆ, ಟೀ ಪುಡಿ, ಬ್ರೆಡ್ಡು, ಹಾಲು ಎಲ್ಲ ಕೊಟ್ಟಳು. ಇಲ್ಲಿಯವರು ಯಾರ ಮನೆಗೂ ಬರಿಗೈಯಲ್ಲಿ ಹೋಗುವುದಿಲ್ಲ, ಮನೆಗೆ ಬೇಕಾದ ದಿನಸಿಯನ್ನೇ ಹೊತ್ತು ತರುತ್ತಾರೆ. ನಮ್ಮವರ ಮುಖ ನೋಡಬೇಕಿತ್ತು. ಇವರು ಹೊರಿಸಬೇಕೆಂದಿದ್ದ ಋಣವನ್ನು ಅವಳು ಹೊಸಿಲು ದಾಟುವ ಮೊದಲೇ ತೀರಿಸಿಬಿಟ್ಟಿದ್ದಳು.

ಊಟ ಚೆನ್ನಾಗಿಯೇ ನಡೆಯಿತು. ಎರಡನೇ ಹೋಳಿಗೆ ಕೇಳಿ ಹಾಕಿಸಿಕೊಂಡಳು. ಆ ಗಳಿಗೆಯನ್ನೇ ಕಾಯುತ್ತಿದ್ದ ನಮ್ಮವರು ಗಂಟಲು ಸರಿಮಾಡಿಕೊಂಡು ವಿಷಯಕ್ಕೆ ಬಂದರು. ಶುಕ್ರವಾರ ಹೀಗೆ ಹೇಳಿದರೆ ಇಬ್ಬರಿಗೂ ಒಳ್ಳೆಯದು ಎಂದೆಲ್ಲ ಇಂಗ್ಲಿಷಿನಲ್ಲಿ ಸುತ್ತಿ ಬಳಸಿ ಹೇಳಿದರು.

ವಂಜಿರು ಕೈಯಲ್ಲಿದ್ದ ಚೂರನ್ನು ತಟ್ಟೆಯಲ್ಲಿಟ್ಟಳು. ಅವಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡಕ್ಕೆ ತಂದರೆ ಹೀಗೆ: "ಬಹುತೇಕ ಕಲಿತಿದೀನಿ ಅಂತ ನಾನು ಹೇಳೋಕಾಗಲ್ಲ, ಮಿಸ್ಟರ್ ಪ್ರಸನ್ನ. ನೀವು ನನಗೆ ಕಲಿಸೇ ಇಲ್ಲ. ಮಳೆ ದಿನ ಯಾಕೆ ಕಳಿಸ್ತಿದ್ರಿ ಅಂತ ನನಗೆ ಮೊದಲ ತಿಂಗಳೇ ಗೊತ್ತಾಗಿತ್ತು."

ದನಿ ಏರಿಸಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು. ನಾನು ತುಪ್ಪದ ಬಟ್ಟಲು ಹಿಡಿದು ಅಲ್ಲೇ ನಿಂತಿದ್ದೆ, ಬಡಿಸಲೋ ಒಳಗೆ ಹೋಗಲೋ ಗೊತ್ತಾಗದೆ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಅವಳು ಮುಂದುವರಿಸಿದಳು. ಹಾಗೆ ಜೀಪಿನಲ್ಲಿ ಸುತ್ತಿದ್ದರಿಂದ ಅವಳಿಗೆ ದೇಶದ ಅರ್ಧ ಟವರ್‌ಗಳ ಪರಿಚಯವಾಗಿದೆ. ಯಾವ ಗುಡ್ಡದ ಮೇಲೆ ಸಿಡಿಲು, ಎಲ್ಲಿ ಜನರೇಟರ್ ತೊಂದರೆ, ಎಲ್ಲವೂ. ಸ್ಕ್ರೀನ್ ಕೆಲಸ ಹೇಗೂ ಸಿಗುತ್ತಿಲ್ಲವಲ್ಲ ಎಂದು, ಕಂಪನಿ ಹೊಸ ಸಾಫ್ಟ್‌ವೇರ್ ಪರೀಕ್ಷೆ ಮಾಡಲು ಜನ ಕೇಳಿದಾಗ ತಾನೇ ಮುಂದೆ ಹೋಗಿ ಸೇರಿಕೊಂಡಳು. ಈಗ ಆ ಟೀಮನ್ನು ನಡೆಸುತ್ತಿರುವುದೇ ಅವಳು. ಬೆಂಗಳೂರಿನಲ್ಲಿ ಕುರ್ಚಿಗಳನ್ನು ಖಾಲಿ ಮಾಡಿಸಿತಲ್ಲ, ಅಂಥದ್ದೇ ಸಾಫ್ಟ್‌ವೇರ್ ಇದು. ಇವರಿಗೆ ಇದಾವುದೂ ಗೊತ್ತಿರಲಿಲ್ಲ. ಅವಳ ಕಣ್ಣಿಂದ ತಮ್ಮ ಸ್ಕ್ರೀನ್ ಮರೆಮಾಡುವುದರಲ್ಲೇ ಮುಳುಗಿದ್ದವರಿಗೆ, ಪಕ್ಕದ ರೂಮಿನಲ್ಲಿ ಏನಾಗುತ್ತಿದೆ ಎಂದು ಇಣುಕಲು ಪುರುಸೊತ್ತೆಲ್ಲಿತ್ತು?

"ನಿಮ್ಮ ಕುರ್ಚಿ ನನಗೆ ಬೇಡ," ಎಂದಳು ವಂಜಿರು. "ಇನ್ನು ಸ್ವಲ್ಪ ದಿನಕ್ಕೆ ಆ ಕುರ್ಚಿ ಯಾರಿಗೂ ಬೇಕಾಗಲ್ಲ."

ನಿಧಿ ತಟ್ಟೆಯಿಂದ ತಲೆಯೆತ್ತಿ, "ಅಪ್ಪಾ, ಆರ್ ಯೂ ಗೆಟಿಂಗ್ ಫೈರ್ಡ್?" ಎಂದಳು. ನಾನು ಮಗಳ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದೆ. ವಂಜಿರು ಹೊರಡುವಾಗ ಅಸಾಂಟೆ, ಅಂದರೆ ಥ್ಯಾಂಕ್ಸ್, ಎಂದು ನನ್ನ ಕೈ ಹಿಡಿದು, ಹೋಳಿಗೆ ಮಾಡುವುದನ್ನು ಕಲಿಸಿಕೊಡಿ ಎಂದಳು. ಖಂಡಿತ ಎಂದೆ. ಅವಳ ಕಣ್ಣು ನೋಡಲಾಗಲಿಲ್ಲ.

ಬುಧವಾರ, ಗುರುವಾರ ನಮ್ಮ ಮನೆಯಲ್ಲಿ ಕುಕ್ಕರ್ ಬಿಟ್ಟರೆ ಇನ್ಯಾರೂ ಬಾಯಿ ಬಿಡಲಿಲ್ಲ. ನಾನು ಮನಸ್ಸಿನಲ್ಲೇ ಸಾಮಾನು ಪ್ಯಾಕ್ ಮಾಡುತ್ತಿದ್ದೆ. ಸಿಟ್ಟು ಯಾರ ಮೇಲೆ ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ವಂಜಿರು ಮೇಲೆ ಮಾಡಿಕೊಳ್ಳಲು ಕಾರಣವಿಲ್ಲ. ಸಾಫ್ಟ್‌ವೇರ್ ಮೇಲೆ ಮಾಡಿಕೊಂಡರೆ ಅದಕ್ಕೆ ಗೊತ್ತಾಗುವುದಿಲ್ಲ. ಉಳಿದವರು ಇವರೊಬ್ಬರೇ. ಆದರೆ ಸೋಫಾದ ತುದಿಯಲ್ಲಿ ಉಗುರು ಕಚ್ಚುತ್ತಾ ಕೂತಿದ್ದ ಗಂಡನನ್ನು ಬೈಯಲು ನನಗೂ ಮನಸ್ಸು ಬರಲಿಲ್ಲ. ಪಾಪ, ಹೆದರಿದ್ದರು. ನಾನೂ ಹೆದರಿದ್ದೆ.

ಶುಕ್ರವಾರದ ಮೀಟಿಂಗಿನಲ್ಲಿ ವಂಜಿರು ಇದ್ದದ್ದನ್ನು ಇದ್ದ ಹಾಗೇ ಹೇಳಿದಳಂತೆ. ಈ ಕೆಲಸ ನನಗೆ ಬರುವುದಿಲ್ಲ, ಇವರು ಕಲಿಸಿಲ್ಲ. ಮ್ಯಾನೇಜರು ನಮ್ಮವರ ಕಡೆ ತಿರುಗಿದಾಗ ಇವರಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತಂತೆ. ಆದರೆ ಅವಳು ಮಾತು ಮುಗಿಸಿರಲಿಲ್ಲ. ಹೊಸ ಸಾಫ್ಟ್‌ವೇರ್ ಮಳೆ ಬಂದರೆ ತಬ್ಬಿಬ್ಬಾಗುತ್ತದೆ, ಎಲ್ಲ ಕೆಂಪಿಗೂ ಜೀಪು ಕಳಿಸಿ ಎನ್ನುತ್ತದೆ, ಯಾವುದನ್ನು ನಂಬಬಾರದು ಎಂಬುದು ಈ ಕಟ್ಟಡದಲ್ಲಿ ಪ್ರಸನ್ನ ಒಬ್ಬರಿಗೇ ಗೊತ್ತು, ಅವರನ್ನು ನಮ್ಮ ಟೀಮಿಗೆ ಕೊಡಿ ಎಂದಳಂತೆ.

ಕೊನೆಗೆ ಆದ ತೀರ್ಮಾನ ಇದು. ಸೋಮವಾರದಿಂದ ಪ್ರಸನ್ನ ವಂಜಿರು ಟೀಮಿನಲ್ಲಿ ಕೂತು, ತಲೆಯಲ್ಲಿರುವುದನ್ನೆಲ್ಲ ಹೇಳಿಕೊಡಬೇಕು. ಆ ಟೀಮಿನವರಿಂದ ಸಾಫ್ಟ್‌ವೇರ್ ಕೆಲಸವನ್ನು ತಾವೂ ಕಲಿಯಬೇಕು. ಅದು ಹೇಗೆ ನಡೆಯುತ್ತದೆ ಎಂದು ನೋಡಿಕೊಂಡು ಕಂಪನಿ ಪರ್ಮಿಟ್ಟಿನ ಮಾತು ಆಡುತ್ತದೆ.

ಖುಷಿಪಡುವುದೋ ಅಳುವುದೋ? "ಎಲ್ಲಾ ಹೇಳ್ಕೊಟ್ಟ ಮೇಲೆ ನನ್ನನ್ನ ಯಾಕೆ ಇಟ್ಕೋತಾರೆ?" ಎಂದು ಇವರು ಕೇಳಿದರು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಗೊತ್ತಿದೆ ಎಂದು ನಟಿಸುವ ಪುಸ್ತಕಗಳು ಏರ್‌ಪೋರ್ಟಿನ ಅಂಗಡಿ ತುಂಬಾ ಇವೆ. ಆದರೆ ಕಣ್ಣೆದುರಿಗೆ ಇಬ್ಬರನ್ನು ನೋಡಿದ್ದೇನೆ. ಒಬ್ಬರು ಗೊತ್ತಿದ್ದದ್ದನ್ನು ಬಚ್ಚಿಟ್ಟು ಕಾವಲು ಕೂತರು. ಇನ್ನೊಬ್ಬಳು ಬಾಗಿಲು ಮುಚ್ಚಿದ್ದನ್ನು ಕಂಡು ಪಕ್ಕದ ಬಾಗಿಲು ತಟ್ಟಿದಳು. ಈಗ ಯಾರು ಯಾರನ್ನು ಟೀಮಿಗೆ ಕೇಳಿ ಪಡೆಯುವ ಜಾಗದಲ್ಲಿದ್ದಾರೆ? ಕಲಿತದ್ದಕ್ಕೆ ಬೀಗ ಹಾಕಿದರೆ ಅದು ಒಳಗೇ ಹಳಸುತ್ತದೆ, ಕೆಲಸ ಮಾತ್ರ ಬೇರೆ ದಾರಿ ಹಿಡಿದು ಹೋಗಿರುತ್ತದೆ. ಇಷ್ಟನ್ನು ಇವರಿಗೆ ಹೇಳಿದೆ. ಸವಾ, ಸವಾ ಎಂದರು. (ಇಲ್ಲಿ ಸವಾ ಎಂದರೆ ಸರಿ. ನಮ್ಮವರ ಬಾಯಲ್ಲಿ ಅದರರ್ಥ ಮಾತು ಸಾಕು.)

ಮೊನ್ನೆ ಸೋಮವಾರ ಜೋರು ಮಳೆ. ನೈರೋಬಿಯ ಟ್ರಾಫಿಕ್ಕಿನಲ್ಲಿ ಮಿಂದು ಇವರು ಮನೆ ಸೇರಿದಾಗ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವಿತ್ತು. ಬೂಟು ಬಿಚ್ಚುವುದಕ್ಕೂ ಬಿಡದೆ ಹೇಗಾಯಿತು ಎಂದು ಕೇಳಿದೆ. ಚೆನ್ನಾಗಾಯಿತು ಎಂದರು. ಇವರು ಹೇಳಿದ್ದನ್ನು ವಂಜಿರು ಆಗಿಂದಾಗಲೇ ಸಾಫ್ಟ್‌ವೇರಿಗೆ ಹಾಕಿ ತೋರಿಸಿದಳಂತೆ. ಇವರಿಗೂ ಒಂದಿಷ್ಟು ಹಾಕಲು ಕಲಿಸಿದಳಂತೆ. ಅದರಲ್ಲಿ ತುಂಬಾ ಇದೆ ಕಣೇ, ಕಲಿಯೋಕೆ ಮಜಾ ಇದೆ ಎಂದರು. ನನಗೆ ಅರ್ಧ ಜೀವ ಬಂದ ಹಾಗಾಯಿತು.

"ಹಾಗಾದ್ರೆ ಎಲ್ಲಾ ಹೇಳ್ಕೊಟ್ರಿ ತಾನೇ?"

ಇವರು ಒಮ್ಮೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಎಲ್ಲಾ ಹೇಳ್ದೆ ಕಣೇ. ಒಂದನ್ನ ಬಿಟ್ಟು."

ಈಗ ನೀವೇ ಹೇಳಿ, ನನ್ನ ಗಂಡನ ಕೆಲಸಕ್ಕೆ ಕುತ್ತು ತರುವುದು ಆ ಸಾಫ್ಟ್‌ವೇರೋ, ವಂಜಿರುವೋ, ಇಲ್ಲ ಈ ಒಂದೋ?