‘ಅತ್ತಿವೇರಿ’ ಹಕ್ಕಿಗಳಿಂದ ಹುಟ್ಟಲಿಲ್ಲ

ನನ್ನ ಆಲ್ಬಂನಲ್ಲಿ ಎಲ್ಲರೂ ಮೆಚ್ಚಿದ ‘ಅತ್ತಿವೇರಿ’ ಎಂಬ ರಚನೆ ನನ್ನದಲ್ಲ. ಅದು ಒಬ್ಬ ತಾಯಿಯ ಅಳು. ಮಗನ ಶವದ ಮುಂದೆ ಕೂತು ಅವರು ಅತ್ತದ್ದನ್ನು ನಾನು ಕದ್ದೆ. ಕದ್ದದ್ದಕ್ಕಿಂತ ದೊಡ್ಡ ತಪ್ಪನ್ನು ಆಮೇಲೆ ಮಾಡಿದೆ — ಅದನ್ನೂ ಹೇಳುತ್ತೇನೆ.

ದಾಂಡೇಲಿಯವನು ನಾನು. ಸ್ಯಾಕ್ಸೊಫೋನ್ ನುಡಿಸುತ್ತೇನೆ, ಜಾಝ್ ರಚನೆಗಳನ್ನು ಕಟ್ಟುತ್ತೇನೆ. ಇನಾಸ್ ನನ್ನ ತಂಡದಲ್ಲಿ ಡಮಾಮಿ ಬಾರಿಸುತ್ತಿದ್ದ. ಸಿದ್ದಿಗಳ ಆ ವಾದ್ಯವನ್ನು ಜಾಝ್ ಜೊತೆ ಕೂಡಿಸುವ ಹುಚ್ಚು ಮೊದಲು ಹತ್ತಿದ್ದು ಅವನಿಗೇ. ಉಳಿದ ದಿನ ಗಣೇಶಗುಡಿಯಲ್ಲಿ ಪ್ರವಾಸಿಗರಿಗೆ ರಾಫ್ಟ್ ನಡೆಸುತ್ತಿದ್ದ. ಆಲ್ಬಂ ರೆಕಾರ್ಡ್ ಮಾಡಲು ನಾವು ಸ್ಟುಡಿಯೋಕ್ಕೆ ಹೋಗುವ ಮೊದಲೇ, ಒಂದು ಭಾನುವಾರ ಹೊಳೆಗೆ ಈಜಲು ಇಳಿದವನು ಜೀವಂತ ಮೇಲೆ ಬರಲಿಲ್ಲ.

ಹಳಿಯಾಳದ ಹತ್ತಿರದ ಅವನ ಊರಿಗೆ ಹೋದೆ. ತಾಯಿ ಫಿಲೋಮಿನಾ — ಚಿಕ್ಕಮ್ಮನನ್ನು ಕರೆಯುವಂತೆ ನಾನು ಮಾವಶಿ ಎನ್ನುತ್ತಿದ್ದೆ — ಅವನ ಹೆಸರು ಹಿಡಿದು ಕರೆಯುತ್ತಿದ್ದರು. ಮೊದಲು ಮೆಲ್ಲಗೆ, ಊಟಕ್ಕೆ ಕರೆದ ಹಾಗೆ. ಆಮೇಲೆ ದನಿ ಏರಿ, ಒಡೆದು, ಮತ್ತೆ ಅದೇ ಮೆಲ್ಲನೆಯ ಕರೆ. ನಾನೂ ಅಳುತ್ತಿದ್ದೆ. ಅಳುತ್ತಲೇ ಜೇಬಿನಲ್ಲಿದ್ದ ಫೋನಿನ ರೆಕಾರ್ಡಿಂಗ್ ಒತ್ತಿದೆ. ಎರಡೂ ನಿಜ — ಎರಡೂ ಹೇಗೆ ನಿಜವಾದವೋ, ಇಂದಿಗೂ ನನಗೆ...

ಸ್ಟುಡಿಯೋದಲ್ಲಿ ಅದನ್ನು ಸ್ವರ ಸ್ವರವಾಗಿ ಸ್ಯಾಕ್ಸೊಫೋನಿಗೆ ಇಳಿಸಿದೆ. ಕೇಳಿದವರಿಗೆಲ್ಲ, ಅತ್ತಿವೇರಿ ಜಲಾಶಯದ ದಂಡೆಯಲ್ಲಿ ಹಕ್ಕಿಗಳ ಕೂಗು ಕೇಳುತ್ತ ಕೂತಾಗ ಹೊಳೆಯಿತು ಎಂದೆ. ಆಲ್ಬಂಗೆ ಹೆಸರು ಬಂತು. ಎಲ್ಲಿ ಹೋದರೂ ಜನ ಕೊನೆಗೆ ಅದನ್ನೇ ಕೇಳುತ್ತಿದ್ದರು. ನುಡಿಸುತ್ತಿದ್ದೆ.

ಒಮ್ಮೆ ಗಣೇಶಗುಡಿಯ ಒಂದು ಹೋಮ್‌ಸ್ಟೇಯಲ್ಲಿ ನುಡಿಸಿದೆ. ಮಾವಶಿ ಅಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದು ನನಗೆ ಗೊತ್ತಿರಲಿಲ್ಲ. ಹಕ್ಕಿಗಳ ಕತೆ ಹೇಳಿ ‘ಅತ್ತಿವೇರಿ’ ಶುರುಮಾಡಿದಾಗ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಅತಿಥಿಗಳು ಊಟಕ್ಕೆ ಎದ್ದ ಮೇಲೆ ನನ್ನ ಹತ್ತಿರ ಬಂದರು.

“ಸರ್ರ, ಹಕ್ಕಿ ಕೂಗು ಅಂದ್ರಿ. ಹಕ್ಕಿ ನಮ್ಮ ಇನಾಸನ್ನ ಯಾಕ ಕರೀತೈತ್ರಿ?”

ಆಗಲೇ ಹೇಳಬಹುದಿತ್ತು. ನಾನು ಹೇಳಿದ್ದು ಇದು:

“ನಿಮಗ ಹಂಗ ಅನ್ನಿಸಿರಬೇಕು ಮಾವಶಿ. ದುಃಖದಾಗ ಎಲ್ಲಾ ಹಂಗ ಕೇಳಸ್ತೈತಿ.”

ಅವರು ನನ್ನ ಮುಖವನ್ನೇ ನೋಡಿದರು. “ಹೌದಿರಬೇಕ್ರಿ. ತಪ್ಪ ತಿಳ್ಕೋಬ್ಯಾಡ್ರಿ,” ಎಂದು ಒಳಗೆ ಹೋದರು. ಕದ್ದವನ ಮುಂದೆ ಅವರೇ ತಪ್ಪೊಪ್ಪಿಕೊಂಡು ಹೋದರು. ಅವರು ಬಡಿದ ರೊಟ್ಟಿಯನ್ನೇ ಕೂತು ತಿಂದೆ.

ವರ್ಷಗಳು ಕಳೆದವು. ಮೊನ್ನೆ ಹಳಿಯಾಳದ ಸಂತೆಯಲ್ಲಿ ಇನಾಸನ ತಂಗಿ ಸಿಕ್ಕಳು. ಮಾವಶಿ ಹೇಗಿದ್ದಾರೆ ಎಂದು ಕೇಳಿದೆ.

“ಅಣ್ಣನ ಹೆಸರ ತಗಿಯೂದ ಬಿಟ್ಟಾಳ್ರಿ. ತನ್ನ ಕಿವಿ ಮ್ಯಾಲ ತನಗ ನಂಬಿಕಿ ಇಲ್ಲಂತಾಳ.”

ಅಲ್ಲಿಂದ ಮನೆಗೆ ಹೋಗಲಿಲ್ಲ. ನೇರ ಅವರ ಊರಿಗೆ ಹೋಗಿ, ಮಾವಶಿಯ ಎದುರು ಕೂತು ಎಲ್ಲವನ್ನೂ ಹೇಳಿದೆ. ಫೋನನ್ನು ಮುಂದಿಟ್ಟು, ಆ ರೆಕಾರ್ಡಿಂಗ್ ಇನ್ನೂ ಇದರಲ್ಲಿದೆ, ಕೇಳುತ್ತೀರಾ ಎಂದೆ. ಬೇಡವೆಂದು ತಲೆಯಾಡಿಸಿದರು. ಫೋನನ್ನು ನನ್ನ ಕಡೆಗೇ ಸರಿಸಿದರು.

“ಅಂದ್ರ ನನಗ ಭ್ರಮಿ ಆಗಿರ್ಲಿಲ್ಲ. ನೀ ಸುಳ್ಳ ಹೇಳಿದಿ.”

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಹೌದು ಎಂದೆ.

“ಯಾರ್ಯಾರಿಗೆ ಆ ಕತಿ ಹೇಳಿದಿ, ಅವ್ರಿಗೆಲ್ಲ ಖರೇ ಹೇಳು. ಇನ್ನ ಅದನ್ನ ಊದಬ್ಯಾಡ.”

‘ಅತ್ತಿವೇರಿ’ಯನ್ನು ಆಲ್ಬಂನಿಂದ ತೆಗೆಸಿದ್ದೇನೆ. ಹೊರತಂದವರಿಗೆ ಸಿಟ್ಟು ಬಂದಿದೆ. ಅದಿಲ್ಲದೆ ಆಲ್ಬಂನಲ್ಲಿ ಏನಿದೆ ಎನ್ನುತ್ತಾರೆ — ಏನೂ ಇಲ್ಲದಿರಬಹುದು. ಮುಂದಿನ ವಾರ ಧಾರವಾಡದಲ್ಲಿ ಕಾರ್ಯಕ್ರಮವಿದೆ. ಅಲ್ಲಿಯೂ ಅದನ್ನೇ ಕೇಳುತ್ತಾರೆ. ನುಡಿಸುವುದಿಲ್ಲ, ಯಾಕೆಂದು ಎಲ್ಲರೆದುರು ಹೇಳುತ್ತೇನೆ.

ಮಾವಶಿ ನನ್ನನ್ನು ಕ್ಷಮಿಸಲಿಲ್ಲ. ಕ್ಷಮಿಸಿ ಎಂದು ನಾನು ಕೇಳಲೂ ಇಲ್ಲ. ಅವರು ಹೇಳಿದ ಕೆಲಸವನ್ನು ಈ ಬರಹದಿಂದ ಶುರುಮಾಡಿದ್ದೇನೆ.