ಯಲಬುರ್ಗಾದ ಡಾಕ್ಟರ ಕಾರಿನ ಹ್ಯಾಂಡಲ್

1982ರಲ್ಲಿ ಗಂಗಾವತಿಯ ಕೊಪ್ಪಳ ರಸ್ತೆಯ ಮಗ್ಗುಲಲ್ಲಿ ನನ್ನದೊಂದು ಗ್ಯಾರೇಜು ಇತ್ತು. ಅದಕ್ಕೆ ಮೊದಲು ಕಾಲುವೆ ಕೆಲಸದ ಯಂತ್ರಗಳನ್ನು ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ದುಡಿದಿದ್ದೆ. ಮೊದಲು ಫಿಟ್ಟರ್, ಆಮೇಲೆ ಫೋರ್‌ಮನ್. ಹೊಟ್ಟೆಪಾಡು ನಡೆಯುತ್ತಿದ್ದದ್ದು ಶ್ರೀರಾಮನಗರದ ಭತ್ತದ ರೈತರ ಟ್ರ್ಯಾಕ್ಟರುಗಳಿಂದ. ಆದರೆ ಹುಚ್ಚು ಇದ್ದದ್ದು ಬೇರೆಯದರ ಮೇಲೆ. ಎಲ್ಲಾದರೂ ಹಳೆಯ ವಿಲಾಯತಿ ಕಾರೊಂದು ಮೂಲೆಗೆ ಬಿದ್ದಿದೆ ಎಂದು ಕಿವಿಗೆ ಬಿದ್ದರೆ ಸಾಕು, ಭಾನುವಾರ ಬೆಳಿಗ್ಗೆ ಮೋಟರ್ ಸೈಕಲ್ ಹತ್ತಿ ಹೊರಟುಬಿಡುತ್ತಿದ್ದೆ. ನನ್ನ ಹೆಂಡತಿ ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ನೋಡ್ರಿ, ನಮ್ಮನಿಯವರು ಮತ್ತ ಮುದುಕಿ ಕನ್ಯಾ ನೋಡಾಕ ಹೊಂಟ್ರು!"

ನಮ್ಮ ಸೀಮೆಯಲ್ಲಿ ಅಂಥ ಕನ್ಯೆಯರಿಗೆ ಬರ ಇರಲಿಲ್ಲ. ನಿಜಾಮರ ಕಾಲದಲ್ಲಿ ಅಧಿಕಾರಿಗಳು, ಅರಳೆ ಮಿಲ್ಲಿನ ಮಾಲೀಕರು, ಒಬ್ಬಿಬ್ಬರು ದೇಸಾಯರು ಕೊಂಡ ಕಾರುಗಳು ಬಿಡಿಭಾಗ ಸಿಗದೆ ಒಂದೊಂದಾಗಿ ನಿಂತುಹೋಗಿದ್ದವು. ಕುಷ್ಟಗಿಯಲ್ಲಿ ಒಂದರ ತಳ ತೂರಿಕೊಂಡು ಬೇವಿನ ಗಿಡ ಬೆಳೆದು ಕಿಟಕಿಯಿಂದ ಹೊರಗೆ ಇಣುಕುತ್ತಿತ್ತು. ಅಳವಂಡಿಯಲ್ಲಿ ಒಂದರ ನೆತ್ತಿಯ ಮೇಲೆ ಹಪ್ಪಳ ಒಣಗಿಸುತ್ತಿದ್ದರು. ಒಳಗೆ ಕೋಳಿ ಕಾವಿಗೆ ಕುಳಿತಿತ್ತು. ಹುಬ್ಬಳ್ಳಿಯಲ್ಲಿ ಹಳೆಯ ಕಾರುಗಳನ್ನು ಸಂಗ್ರಹಿಸುವ ಒಬ್ಬ ಶ್ರೀಮಂತರಿದ್ದರು. ಉಳಿಯುವಂಥದು ಎಂದು ನಾನು ಬರೆದರೆ ಇಡೀ ಕಾರನ್ನು ಒಯ್ಯುತ್ತಿದ್ದರು, ಉಳಿಯದು ಎಂದರೆ ಬೇಕಾದ ಭಾಗಗಳನ್ನಷ್ಟೇ. ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದಿದ್ದರೂ ನನ್ನ ಮಾತೇ ಅವರಿಗೆ ಕೊನೆ. ಆ ನಂಬಿಕೆ ನನ್ನ ತಲೆಗೆ ಸ್ವಲ್ಪ ಏರಿತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ನೋಡಲು ಹೋಗುವಾಗ ನನ್ನ ಚೀಲದಲ್ಲಿ ಮೂರೇ ವಸ್ತು ಇರುತ್ತಿದ್ದವು. ಒಂದು ದಾರದ ಉಂಡೆ: ಕಾರಿನ ಬುನಾದಿಯಾದ ಚಾಸಿಸ್ಸಿನ ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದಾಗ ಎರಡೂ ಅಳತೆ ಸಮ ಬಂದರೆ ಅದು ಸೊಟ್ಟಾಗಿಲ್ಲ. ಒಂದು ಆಯಸ್ಕಾಂತ: ತಗಡಿನ ಮೇಲೆ ಎಳೆದಾಗ ಎಲ್ಲಿ ಹಿಡಿತ ಬಿಡುತ್ತದೋ ಅಲ್ಲಿ ತಗಡು ಹೋಗಿ ಲಪ್ಪ, ಅಂದರೆ ಪುಟ್ಟಿ, ಮೆತ್ತಿದ್ದಾರೆ. ಇನ್ನೊಂದು ಚೂಪಾದ ಸ್ಕ್ರೂಡ್ರೈವರ್. ಆ ಕಾಲದ ಎಷ್ಟೋ ಕಾರುಗಳಿಗೆ ಹೊರಗೆ ಕಾಣುವುದು ತಗಡು, ಒಳಗೆ ಅದನ್ನು ಹೊತ್ತು ನಿಂತದ್ದು ಮರದ ಚೌಕಟ್ಟು. ಸ್ಕ್ರೂಡ್ರೈವರ್ ಚುಚ್ಚಿದಲ್ಲಿ ಮರ ತಡೆದರೆ ಕಾರು ಬದುಕಿದೆ ಎಂದು ಲೆಕ್ಕ.

ಆ ವರ್ಷ ಶ್ರಾವಣದಲ್ಲಿ ಯಲಬುರ್ಗಾದಿಂದ ಒಂದು ಪತ್ರ ಬಂತು. ಬರೆದವರು ಅಲ್ಲಿನ ಶಾಲೆಯ ಶಿಕ್ಷಕಿ ಸರೋಜಾ. ಅವರ ತಂದೆ ಡಾಕ್ಟರು. ಸುತ್ತಲ ಹಳ್ಳಿಗಳಿಗೆ ಕರಿಯ ಕಾರಿನಲ್ಲಿ ತಿರುಗಿ ರೋಗಿಗಳನ್ನು ನೋಡುತ್ತಿದ್ದವರು. 1964ರಲ್ಲಿ ಅವರು ತೀರಿಕೊಂಡ ಮೇಲೆ ಕಾರು ಮನೆ ಮುಂದಿನ ಶೆಡ್ಡಿನಲ್ಲಿ ನಿಂತದ್ದು ನಿಂತೇ ಇತ್ತು. ಈಗ ರಸ್ತೆ ಅಗಲ ಮಾಡಲು ಶೆಡ್ಡು ಕೆಡವುವುದಿತ್ತು. ತಿಂಗಳೊಳಗೆ ಕಾರು ಅಲ್ಲಿಂದ ಹೊರಡಬೇಕು. ಗುಜರಿಗೋ, ಗುಣವಾಗುವ ಕಡೆಗೋ ಎಂದು ಯಾರಾದರೂ ತಿಳಿದವರು ಹೇಳಬೇಕು.

ನಾನು ಹೋದಾಗ ಶೆಡ್ಡಿನ ಬಾಗಿಲಲ್ಲಿ ಎಪ್ಪತ್ತರ ಮುದುಕರೊಬ್ಬರು ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ನಿಂತಿದ್ದರು. ಡಾಕ್ಟರ ಡ್ರೈವರ್ ಆಗಿದ್ದ ಹುಸೇನಸಾಬರು. ಕಾರು ನಿಂತು ಹದಿನೆಂಟು ವರ್ಷವಾಗಿತ್ತು, ಅಂಗಿ ಮಾತ್ರ ಇನ್ನೂ ಡ್ಯೂಟಿಯ ಮೇಲಿತ್ತು.

"ಬರ್ರಿ ಮಿಸ್ತ್ರಿಯವರ. ಧೂಳಾ ಝಾಡಿಸಿ ಇಟ್ಟೀನ್ರಿ," ಎಂದು ಗೋಣಿತಟ್ಟು ಸರಿಸಿದರು.

ನಾಲ್ಕು ಸಿಲಿಂಡರಿನ ಇಂಗ್ಲಿಷ್ ಸಲೂನ್ ಕಾರು. ಅದನ್ನು ಮಾಡಿದ ಕಂಪನಿ ಎಂದೋ ಮುಚ್ಚಿದೆ, ಹೆಸರು ಹೇಳಿದರೂ ಈಗ ಯಾರಿಗೂ ಗುರುತು ಹತ್ತಲಾರದು. ಎತ್ತರದ ರೇಡಿಯೇಟರ್, ಎರಡು ದೊಡ್ಡ ದೀಪ, ಹಣೆಯ ಮೇಲೆ ಒಣಗಿದ ಕುಂಕುಮ. ದಾರ ಹಿಡಿದು ಅಳೆದೆ, ಅಳತೆ ಸಮ ಬಂತು. ಮುಂದಿನ ಪ್ರಶ್ನೆ ಎಂಜಿನ್ನಿನದು. ವರ್ಷಗಟ್ಟಲೆ ನಿಂತ ಎಂಜಿನ್ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಅದಕ್ಕೆ ಜಾಮ್ ಎನ್ನುತ್ತೇವೆ. ನೂರಕ್ಕೆ ತೊಂಬತ್ತು ಹಳೆಯ ಕಾರುಗಳ ಹಣೆಬರಹ ಅಲ್ಲಿಗೇ ಮುಗಿಯುತ್ತಿತ್ತು.

ಹುಸೇನಸಾಬರು ಸೀಟಿನ ಹಿಂದಿನಿಂದ ಎಣ್ಣೆ ಅರಿವೆಯಲ್ಲಿ ಸುತ್ತಿದ್ದ ಹ್ಯಾಂಡಲ್ ತೆಗೆದರು. ಮುಂಭಾಗದ ತೂತಿಗೆ ಸೇರಿಸಿ ತಿರುಗಿಸಿ ಎಂಜಿನ್ ಚಾಲೂ ಮಾಡುವ ಕಬ್ಬಿಣದ ಸರಳು ಅದು. "ತಿರುವ್ರಿ," ಎಂದರು. ಜಾಮ್ ಆಗಿರುತ್ತದೆ ಎಂದು ಮೈಯೆಲ್ಲ ಭಾರ ಬಿಟ್ಟು ಒತ್ತಿದೆ. ಅದು ಬೆಣ್ಣೆಯಲ್ಲಿ ಚಮಚ ತಿರುಗಿದ ಹಾಗೆ ತಿರುಗಿತು. ಮುಗ್ಗರಿಸಿ ಬೀಳುವುದೊಂದು ಬಾಕಿ.

"ಹೆಂಗ್ರಿ ಇದು?" ಎಂದೆ.

"ವರ್ಷಾ ಮಾನೌಮಿಗೆ ಖಂಡೇ ಪೂಜಿ ಮಾಡ್ತಾರಲ್ರಿ, ಅವತ್ತ ನಾ ಬರ್ತೀನಿ. ಪ್ಲಗ್ ಬಿಚ್ಚಿ ಒಂದೊಂದಕ್ಕ ಎರಡು ಚಮಚಾ ಔಡಲೆಣ್ಣಿ ಹಾಕಿ, ನಲವತ್ತು ಸುತ್ತು ತಿರುವ್ತೀನ್ರಿ. ಡಾಕ್ಟರ ಸಾಹೇಬ್ರು ಇದ್ದಾಗಿಂದ ಹಂಗ. ಪೂಜಿ ದಿನ ಗಾಡಿ ಉಸಿರಾಡ್ಬೇಕು ಅಂತಿದ್ರು."

ನಮ್ಮ ಕಡೆ ಮಹಾನವಮಿಗೆ ಕುಡುಗೋಲಿನಿಂದ ಹಿಡಿದು ಲಾರಿಯವರೆಗೆ ದುಡಿಯುವ ಸಾಮಾನಿಗೆಲ್ಲ ಪೂಜೆ. ಆದರೆ ದುಡಿಯದೆ ನಿಂತ ಕಾರಿಗೆ ಹದಿನೆಂಟು ವರ್ಷ ತಪ್ಪದೆ ಪೂಜೆ ನಡೆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಸರೋಜಾ ಅವರು ಕುಂಕುಮ ಹಚ್ಚಿ ಕಾಯಿ ಒಡೆಯುವುದು, ಹುಸೇನಸಾಬರು ಮೈತೊಳೆದು, ಎಣ್ಣೆ ಹಾಕಿ ತಿರುಗಿಸುವುದು. ಪುಸ್ತಕದ ಪ್ರಕಾರ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಒಣಗಿ ಅಂಟಿಕೊಳ್ಳಬೇಕು. ಪುಸ್ತಕ ಬರೆದವರಿಗೆ ಹುಸೇನಸಾಬರ ಪರಿಚಯ ಇರಲಿಲ್ಲ.

ನನಗೂ ಹುರುಪು ಬಂತು. ಬಸ್ ನಿಲ್ದಾಣದ ಹತ್ತಿರದ ಗ್ಯಾರೇಜಿನಿಂದ ಬ್ಯಾಟರಿ ತಂದೆ. ಪ್ಲಗ್ ತಿಕ್ಕಿ, ಬಾಟಲಿಯಿಂದ ನೇರ ಪೆಟ್ರೋಲ್ ಕೊಟ್ಟೆ. ಹುಸೇನಸಾಬರು ಹ್ಯಾಂಡಲ್ ಹೊಡೆದರು. ಆರನೆಯ ಸಲಕ್ಕೆ ಎಂಜಿನ್ ಕೆಮ್ಮಿತು, ಹೊಗೆ ಕಾರಿತು, ಆಮೇಲೆ ತಾಳ ಹಿಡಿದು ಓಡತೊಡಗಿತು. ಎರಡು ನಿಮಿಷ ಓಡಿತ್ತೋ ಇಲ್ಲವೋ, ಸರೋಜಾ ಅವರು ಕೈಗೆ ಹಿಟ್ಟು ಮೆತ್ತಿಕೊಂಡೇ ಅಡುಗೆಮನೆಯಿಂದ ಓಡಿ ಬಂದು ಕಟ್ಟೆಯ ಮೇಲೆ ನಿಂತುಬಿಟ್ಟರು.

"ಅಪ್ಪಾ ಬಂದಾರೇನೋ ಅನ್ನಿಸ್ತು ಕಾಕಾ," ಎಂದರು ಹುಸೇನಸಾಬರಿಗೆ. ಅವರು ಮುಖ ಆ ಕಡೆ ತಿರುಗಿಸಿ ಬಾನೆಟ್ ಒರೆಸತೊಡಗಿದರು. ಆಮೇಲೆ ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು: "ನಂದೊಂದ ಆಸೆ ಐತ್ರಿ. ಇದ್ರಾಗ ಸರೋಜವ್ವನ್ನ ಹಿಂದ ಕುಂದ್ರಿಸಿಕೊಂಡು ಒಮ್ಮೆ ಕುಷ್ಟಗಿ ಮಟಾ ಹೋಗಿ ಬರ್ಬೇಕು. ಸಣ್ಣಾಕಿ ಇದ್ದಾಗ ಅಪ್ಪನ ಜೋಡಿ ಬರ್ತಿದ್ಲು."

ಆಗಲಿ ಎನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕೆಲಸದ ಪದ್ಧತಿ ಬಿಡಬಾರದೆಂದು ಮೊದಲು ಸ್ಕ್ರೂಡ್ರೈವರ್ ತೆಗೆದು, ಕಾರಿನೊಳಗೆ ತೂರಿ ಎಡಬಾಗಿಲ ಕೆಳಗಿನ ಮರಕ್ಕೆ ಚುಚ್ಚಿದೆ. ಹಿಡಿಯವರೆಗೆ ಒಳಗೆ ಹೋಯಿತು. ಎಳೆದಾಗ ಮೆತ್ತನೆಯ ಕರಿಪುಡಿ ಬಂತು. ಬಾಗಿಲು ತೂಗುವ ಎಡಗಡೆಯ ಎರಡೂ ಕಂಬಗಳ ಬುಡವೂ ಹಾಗೆಯೇ ಕೊಳೆತಿತ್ತು. ಬಲಗಡೆ ಮಾತ್ರ ಸ್ಕ್ರೂಡ್ರೈವರ್ ಇಳಿಯಲಿಲ್ಲ. ಗೆದ್ದಲಿನ ಮಣ್ಣಿನ ಗುರುತು ಎಲ್ಲೂ ಇರಲಿಲ್ಲ. ಕಾರಣ ನನಗೆ ಕೂಡಲೇ ಗೊತ್ತಾಯಿತು. ಪೂಜೆಯ ದಿನ ಕಾರಿಗೆ ಕೊಡಗಟ್ಟಲೆ ನೀರು ಹೊಯ್ದು ಸ್ನಾನ ಮಾಡಿಸುತ್ತಿದ್ದರು. ಓಡುವ ಕಾರಾದರೆ ಗಾಳಿಗೆ ಒಣಗುತ್ತದೆ. ನಿಂತ ಕಾರಿನ ಎಡಭಾಗ ಗೋಡೆಗೆ ಆತುಕೊಂಡಿತ್ತು. ನೀರು ಅಲ್ಲಿಯೇ ಇಂಗಿ ಮರವನ್ನು ತಿಂದಿತ್ತು. ಯಾವ ಪೂಜೆ ಎಂಜಿನ್ನನ್ನು ಕಾಪಾಡಿತ್ತೋ ಅದೇ ಪೂಜೆ ಮೈಯನ್ನು ಕೊಳೆಸಿತ್ತು.

ಅದನ್ನು ಅವರಿಬ್ಬರಿಗೆ ಹೇಳಲು ಬಾಯಿ ಬರಲಿಲ್ಲ. "ಗೆದ್ದಲ ಹತ್ತೈತಿ ಅಕ್ಕೋರ," ಎಂದೆ. "ಮರ ಇಲ್ಲದ ತಗಡು ನಿಲ್ಲಂಗಿಲ್ಲ. ಇದು ಆಗಂಗಿಲ್ಲ."

ಹುಸೇನಸಾಬರು ಕೇಳಿದರು: "ಕಿನ್ನಾಳದಾಗ ಚಿತ್ರಗಾರ್ರು ಅದಾರಲ್ರಿ, ಕಟ್ಟಿಗಿ ಕೆಲಸಾ ಭಾಳ ಛಲೋ ಮಾಡ್ತಾರ. ಅವರಿಗೊಮ್ಮೆ ತೋರಿಸೋಣೇನ್ರಿ?"

ನಾನು ನಕ್ಕುಬಿಟ್ಟೆ. "ಗೊಂಬಿ ಮಾಡೋರ ಕೈಯಾಗ ಗಾಡಿ ಕೊಡ್ತೀರೇನು ಹುಸೇನಸಾಬ್ರ?" ಎಂದೆ. ಅವರು ಮತ್ತೆ ಕೇಳಲಿಲ್ಲ. ನಾನು ಕಬ್ಬಿಣದವನು, ಕಬ್ಬಿಣದ ಆಚೆ ವಿದ್ಯೆ ಇಲ್ಲವೆಂದು ತಿಳಿದಿದ್ದೆ.

ಹುಬ್ಬಳ್ಳಿಗೆ ಬರೆದೆ: ಎಂಜಿನ್ ಉತ್ತಮ, ಬಾಡಿ ಉಳಿಯದು. ಹದಿನೈದು ದಿನಕ್ಕೆ ಲಾರಿ ಬಂತು. ಎಂಜಿನ್, ಗೇರ್‌ಬಾಕ್ಸ್, ದೀಪಗಳನ್ನು ಒಯ್ದರು. ಅವರ ಬಳಿ ಅದೇ ಜಾತಿಯ, ಎಂಜಿನ್ ಒಡೆದ ಕಾರೊಂದಿತ್ತು. ಉಳಿದದ್ದನ್ನು ಗುಜರಿಯವರು ಶೆಡ್ಡಿನಲ್ಲೇ ಕತ್ತರಿಸಿದರು. ಹುಸೇನಸಾಬರು ಅಂದೂ ಖಾಕಿ ಅಂಗಿಯಲ್ಲಿ ಬಂದಿದ್ದರು. ಹ್ಯಾಂಡಲನ್ನು ಮಾತ್ರ ಕೇಳಿ ಪಡೆದು, ಅರಿವೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು.

ನಾಲ್ಕು ವರ್ಷ ಕಳೆದವು. 1986ರಲ್ಲಿ ಒಂದು ಆಯಿಲ್ ಎಂಜಿನ್ ರಿಪೇರಿಗೆಂದು ಕಿನ್ನಾಳಕ್ಕೆ ಹೋಗಿದ್ದೆ. ಕೆಲಸ ಮುಗಿಸಿ ಚಹಾಕ್ಕೆ ಕರೆದ ಮನೆಯ ಪಡಸಾಲೆಯಲ್ಲಿ ಚಿತ್ರಗಾರರೊಬ್ಬರು ಯಾವುದೋ ಗುಡಿಯ ಮರದ ಕುದುರೆಯನ್ನು ಬೋರಲು ಹಾಕಿಕೊಂಡು ಕುಳಿತಿದ್ದರು. ಹೊರಗಿನ ಬಣ್ಣ ಹಾಗೇ ಇತ್ತು, ಒಳಗೆ ಕೊಳೆತಿತ್ತು. ಅವರು ಹೊಟ್ಟೆಯ ಕೆಳಗಿನಿಂದ ಕೆಟ್ಟ ಮರವನ್ನು ಒಂದು ಗೇಣು ಕೆತ್ತಿ ತೆಗೆದು, ಅಲ್ಲಿಗೆ ಹೊಸ ಮರವನ್ನು ಅಳತೆಗೆ ಕೂರಿಸಿ, ಹುಣಸೆ ಬೀಜದ ಅಂಟು ಹಾಕಿ, ಆಮೇಲೆ ಮುಂದಿನ ಗೇಣಿಗೆ ಕೈ ಹಾಕುತ್ತಿದ್ದರು.

"ಎಲ್ಲಾ ಒಮ್ಮೆಲೇ ಯಾಕ ತಗಿಯಂಗಿಲ್ರಿ?" ಎಂದು ಕೇಳಿದೆ.

"ಒಮ್ಮೆಲೇ ತಗದ್ರ ಮ್ಯಾಲಿನ ಮೈ ಕುಸೀತೈತ್ರಿ. ಒಂದ್ ಗೇಣ ತಗದು ಒಂದ್ ಗೇಣ ಇಟ್ರ, ಹಳೇದ ಹೊಸಾದಕ್ಕ ಅಳತಿ ಹೇಳ್ತೈತಿ. ಎಡಕ್ಕ ಪೂರಾ ಕೆಟ್ಟಿದ್ರ ಬಲಕ್ಕ ನೋಡಿ ಕೆತ್ತೂದು."

ಚಹಾದ ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. "ಗೊಂಬಿ ಕಟ್ಟಿಗಿ ಹಗುರ ಇರ್ತೈತಿ. ಭಾರ ಹೊರೂದಿದ್ರ?" ಎಂದೆ. "ಅದಕ್ಕ ಸಾಗವಾನಿ ಹಾಕ್ತೀವ್ರಿ, ಬೋಲ್ಟ್ ಹೊಡೀತೀವಿ. ಪಲ್ಲಕ್ಕಿ ಹೊರಂಗಿಲ್ಲೇನ್ರಿ ನಾಕ ಮಂದಿ?" ಎಂದರು ತಲೆಯೆತ್ತದೆ.

ಡಾಕ್ಟರ ಕಾರಿನ ಎಡಭಾಗ ಕೊಳೆತಿತ್ತು. ಬಲಭಾಗ ಗಟ್ಟಿಯಾಗಿತ್ತು, ಸ್ಕ್ರೂಡ್ರೈವರ್ ಅಲ್ಲಿ ಇಳಿದಿರಲಿಲ್ಲ. ನೋಡಿ ಕೆತ್ತಲು ಇಡೀ ಬಲಭಾಗ ನನ್ನೆದುರೇ ನಿಂತಿತ್ತು. ಉಳಿಸಬಹುದಾಗಿದ್ದ ಕಾರನ್ನು ನಾನು ಒಂದು ನಗೆಯಿಂದ ಕೊಂದಿದ್ದೆ. ಕಿನ್ನಾಳದಿಂದ ಗಂಗಾವತಿಗೆ ಬರುವ ದಾರಿಯಲ್ಲಿ ಎರಡು ಸಲ ಮೋಟರ್ ಸೈಕಲ್ ನಿಲ್ಲಿಸಿ ಕುಳಿತೆ.

ಆ ವರ್ಷದ ಮಹಾನವಮಿಗೆ ಯಲಬುರ್ಗಾಕ್ಕೆ ಹೋದೆ. ಹುಸೇನಸಾಬರ ಕಣ್ಣುಗಳು ಮಂಜಾಗಿದ್ದವು, ದನಿಯಿಂದ ಗುರುತು ಹಿಡಿದರು. ಅವರ ಮನೆಯ ಕಟ್ಟೆಯ ಮೇಲೆ ಹಾಸಿದ ಅರಿವೆಯಲ್ಲಿ ಹ್ಯಾಂಡಲ್ ಇತ್ತು, ಪಕ್ಕದಲ್ಲಿ ಔಡಲೆಣ್ಣೆಯ ಬಟ್ಟಲು. ಹೆಡ್ಮಿಸ್ಟ್ರೆಸ್ ಆಗಿ ಕೊಪ್ಪಳ ಸೇರಿದ್ದ ಸರೋಜಾ ಅವರು ಬೆಳಿಗ್ಗೆಯೇ ಬಂದು ಅದಕ್ಕೆ ಕುಂಕುಮ ಹಚ್ಚಿ ಹೋಗಿದ್ದರಂತೆ. ಕುದುರೆಯ ವಿಷಯ ಹೇಳಿದೆ. "ನೀವು ಅವತ್ತ ಹೇಳಿದ್ದು ಖರೆ ಇತ್ರಿ. ತಪ್ಪು ನಂದು," ಎಂದೆ.

ಅವರು ಬೆರಳು ಅದ್ದಿ ಹ್ಯಾಂಡಲಿಗೆ ಎಣ್ಣೆ ತಿಕ್ಕಿದರು.

"ನೀವು ಗೆದ್ದಲ ಅಂದ್ರಿ. ಗೆದ್ದಲ ಆಗಿರ್ಲಿಲ್ಲ, ಹೌದಲ್ರಿ?" ಎಂದರು. "ಅಷ್ಟು ವರ್ಷ ನೀರ ಹಾಕಿದಾಂವ ನಾನ. ಬಾಗಲ ಬುಡಕ ಕರೀ ನೀರ ಬರೂದು ನೋಡೀನಿ. ಹೊಲಸ ಹೋಗ್ತೈತಿ ಅಂತ ಮತ್ತೊಂದ ಕೊಡಾ ಹಾಕ್ತಿದ್ದೆ. ನೀವು ನಕ್ಕ ಮ್ಯಾಲೆ ನಾ ಇನ್ನೊಮ್ಮೆ ಕೇಳಬೇಕಿತ್ತು. ನನ್ನ ಕೈಲೇ ಕೆಟ್ಟದ್ದಕ್ಕ ಯಾವ ಬಾಯಿಲೆ ಕೇಳ್ಲಿ ಅಂತ ಸುಮ್ಮನಾದೆ."

ಹೊರಡುವಾಗ ಹ್ಯಾಂಡಲನ್ನು ಅರಿವೆಯಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದರು. ಬೇಡವೆಂದೆ. "ಊರೂರು ತಿರುಗೋರು ನೀವು. ಇದು ಕುಂದ್ರೂ ಗಾಡಿ ಎಲ್ಲೆರೆ ಕಂಡ್ರ ತಿರುವಿ ನೋಡ್ರಿ. ತಿರುಗಿದ್ರ ನನಗ ಒಂದ ಮಾತ ಹೇಳಿ ಕಳಸ್ರಿ," ಎಂದರು.

ಆಮೇಲೆ ಮರ ಕೊಳೆತ ಯಾವ ಕಾರನ್ನೂ ಕಿನ್ನಾಳದವರಿಗೆ ತೋರಿಸದೆ 'ಆಗದು' ಎಂದು ನಾನು ಬರೆದಿಲ್ಲ. ಅಳವಂಡಿಯ ಹಪ್ಪಳದ ಕಾರೂ ಸೇರಿ ಮೂರು ಕಾರು ಅವರ ಕೈಯಲ್ಲಿ ಎದ್ದು ನಿಂತವು. ನನ್ನ ವಿದ್ಯೆ ಮುಗಿದಲ್ಲಿ ಇನ್ನೊಬ್ಬರ ವಿದ್ಯೆ ಶುರುವಾಗುತ್ತದೆ ಎಂಬುದನ್ನು ಈ ಕಸುಬು ನನಗೆ ಕಲಿಸಿತು, ಆದರೆ ಯಲಬುರ್ಗಾದ ಪಾಲಿಗೆ ತಡವಾಗಿ. ಹುಸೇನಸಾಬರು ಮರುವರ್ಷ ತೀರಿಕೊಂಡರು. ಹ್ಯಾಂಡಲ್ ನನ್ನ ಚೀಲದ ನಾಲ್ಕನೆಯ ವಸ್ತುವಾಯಿತು. ಡಾಕ್ಟರ ಎಂಜಿನ್ ಸೇರಿದ್ದ ಹುಬ್ಬಳ್ಳಿಯ ಕಾರು ಅದು ನನ್ನ ಕೈಗೆ ಬರುವ ಮೊದಲೇ ಮಾರಾಟವಾಗಿ ಎಲ್ಲಿಗೋ ಹೋಗಿತ್ತು. ಕಂಡ ಹಳೆಯ ಕಾರುಗಳಿಗೆಲ್ಲ ಅದನ್ನು ಇಟ್ಟು ನೋಡಿದೆ, ಒಂದಕ್ಕೂ ಕೂರಲಿಲ್ಲ. ಈಗ ಗ್ಯಾರೇಜು ಮುಚ್ಚಿ ಮನೆಯಲ್ಲಿದ್ದೇನೆ. ಮಹಾನವಮಿಯ ದಿನ ಅದನ್ನು ತೆಗೆದು ಔಡಲೆಣ್ಣೆ ಹಚ್ಚುತ್ತೇನೆ, ನೀರು ತಾಗಿಸುವುದಿಲ್ಲ.