‘ಬಹುದು’ ಎಂಬ ಬಾಲಂಗೋಚಿ

ನನಗೊಂದು ಕಾಯಿಲೆಯಿದೆ, ಅದರ ಬಗ್ಗೆ ಮಾತ್ರ ಇನ್ನೂ ಯಾರೂ ಸಂಶೋಧನೆ ನಡೆಸಿದಂತಿಲ್ಲ. ಬೆಳಗಿನ ಕಾಫಿ ಲೋಟ ಕೈಯಲ್ಲಿರುವಾಗಲೇ, ಪ್ರಪಂಚದ ಯಾವ ಪ್ರಯೋಗಾಲಯದಲ್ಲಿ ನಿನ್ನೆ ಏನು ಪತ್ತೆಯಾಯಿತೆಂದು ಫೋನಿನಲ್ಲಿ ನೋಡದಿದ್ದರೆ ನಾನು ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನೋಡಿದ ಮೇಲಾದರೂ ಕೂರುತ್ತೇನೆಯೇ ಎಂದರೆ ಅದೂ ಇಲ್ಲ. ತನ್ನ ಬಿರುಕನ್ನು ತಾನೇ ಮುಚ್ಚಿಕೊಳ್ಳುವ ಕಾಂಕ್ರೀಟಿನ ಸುದ್ದಿ ಓದಿದ ದಿನ ತಾರಸಿ ಹತ್ತಿ ನಮ್ಮ ಮನೆಯ ಬಿರುಕುಗಳನ್ನೆಲ್ಲ ಮಾತಾಡಿಸಿಕೊಂಡು ಬಂದೆ. ಮಣ್ಣಿನ ತೇವವನ್ನು ಆಕಾಶದಿಂದಲೇ ಅಳೆಯುವ ಉಪಗ್ರಹದ ಸುದ್ದಿ ಓದಿದ ದಿನ, ಹಿತ್ತಲಿನ ಕರಿಬೇವಿಗೆ ನೀರು ಹಾಕದ ನನ್ನ ಸೋಮಾರಿತನ ಮೇಲಿನವರಿಗೆ ಗೊತ್ತಾಗಿಹೋಯಿತೇನೋ ಎಂಬ ಸಂಕೋಚದಿಂದ ತಂಬಿಗೆ ಹಿಡಿದು ಓಡಿದೆ. ಕಾಲಿಗೆ ಚಕ್ರ ಕಟ್ಟಿಕೊಂಡವರನ್ನು ನೋಡಿದ್ದೇನೆ, ಇವಳು ತಲೆಗೂ ಕಟ್ಟಿಕೊಂಡಿದ್ದಾಳೆ ಎಂದು ನಮ್ಮ ಯಜಮಾನರು ಬಂದವರ ಮುಂದೆಲ್ಲ ಹೇಳುತ್ತಾರೆ.

ಈ ಚಡಪಡಿಕೆಗೆ ಒಂದು ಸಾರ್ವಜನಿಕ ಪ್ರಯೋಜನವೂ ಇರಲಿ ಎಂದು, ನಿವೃತ್ತಳಾದ ಮೇಲೆ ಹುಣಸೂರಿನ ಒಂದು ಪುಟ್ಟ ವಾರಪತ್ರಿಕೆಗೆ ವಿಜ್ಞಾನದ ಅಂಕಣ ಬರೆಯಲು ತೊಡಗಿದೆ. ಇಪ್ಪತ್ತೊಂದು ವರ್ಷ ಕೋಟೆ ತಾಲ್ಲೂಕಿನ ಕಾಡಂಚಿನ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳಿಗೆ ಕರಿಹಲಗೆ ಕಳೆದುಹೋದರೆ ಕೈ ತುರಿಸದೇ ಇರುತ್ತದೆಯೇ? ವೈದ್ಯಕೀಯ ಒಂದು ವಾರ, ಹೊಸ ಹೊಸ ವಸ್ತುಗಳು ಒಂದು ವಾರ, ಉಪಗ್ರಹ ಇನ್ನೊಂದು ವಾರ. ಬರೆಯುತ್ತ ಬರೆಯುತ್ತ ನನಗೊಂದು ವಿಷಯ ತಿಳಿಯಿತು: ವಿಜ್ಞಾನಿಗಳು ಯಾವ ಕ್ರಿಯಾಪದವನ್ನೂ ಬರಿಮೈಯಲ್ಲಿ ಹೊರಗೆ ಕಳುಹಿಸುವುದಿಲ್ಲ. ಗುಣವಾಗುತ್ತದೆ ಎನ್ನುವುದಿಲ್ಲ, ಗುಣವಾಗಬಹುದು ಎನ್ನುತ್ತಾರೆ. ಬಾಲಂಗೋಚಿ ಇಲ್ಲದ ಗಾಳಿಪಟ ಗಿರಕಿ ಹೊಡೆದು ಬೀಳುವಂತೆ ‘ಬಹುದು’ ಇಲ್ಲದ ಸಂಶೋಧನೆಯೂ ನೆಲಕಚ್ಚುತ್ತದೆಂಬುದು ಅವರ ವಿನಯ. ನಾನೂ ಆ ವಿನಯವನ್ನು ನಿಷ್ಠೆಯಿಂದ ಪಾಲಿಸಿದೆ. ಜಾಗ ಸಾಲದೆಂದು ಸಂಪಾದಕರು ಒಮ್ಮೆ ಎರಡು ‘ಬಹುದು’ಗಳನ್ನು ಕಿತ್ತುಹಾಕಿದಾಗ ಅವರ ಕಚೇರಿಗೇ ಹೋಗಿ ಜಗಳವಾಡಿದ್ದೇನೆ.

ಆದರೆ ನೋಡಿ, ಹುಟ್ಟಿದಾಗಿನಿಂದ ಕಿವಿಗೆ ಬಿದ್ದ ಒಂದು ಸಂಗತಿಯನ್ನು ಇಷ್ಟು ಓದಿದ ನಾನು ಮರೆತಿದ್ದೆ. ನಮ್ಮ ಕಡೆ ‘ಬಹುದು’ ಎಂಬುದಕ್ಕೆ ಬೇರೆಯದೇ ಉದ್ಯೋಗವಿದೆ. ಮಗಳನ್ನು ಕೊಡುತ್ತೀರಾ ಎಂದು ಕೇಳಿದವರಿಗೆ ಮನೆಯ ಹಿರಿಯರು ಸುದೀರ್ಘವಾಗಿ ಯೋಚಿಸಿ, ಎಲೆಯಡಿಕೆ ಉಗಿದು ಬಂದು, ‘ಆಗ್ಬೌದು’ ಎಂದರೆ ಅಲ್ಲಿಗೆ ಮಾತು ಮುಗಿಯಿತು. ಮರುದಿನವೇ ಚಪ್ಪರಕ್ಕೆ ಗಳ ಹುಡುಕಲು ಹೊರಡುತ್ತಾರೆ. ಅಲ್ಲಿರುವುದು ಅನುಮಾನವಲ್ಲ, ಅಪ್ಪಣೆ. ಪ್ರಯೋಗಾಲಯದಲ್ಲಿ ಸಂದೇಹ ಸೂಚಿಸುವ ಪ್ರತ್ಯಯವೇ ನಮ್ಮ ಜಗಲಿಯ ಮೇಲೆ ಕೊಟ್ಟ ಮಾತಾಗಿಬಿಡುತ್ತದೆ.

ಇದು ನನಗೆ ನೆನಪಾದದ್ದು ನನ್ನ ಹಳೆಯ ಶಾಲೆಯ ಸವಿತಾ ಟೀಚರ್ ಫೋನ್ ಮಾಡಿದ ದಿನ. ಆ ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಚಿಕ್ಕತಾಯಮ್ಮನನ್ನು ನಾನು ಮರೆಯುವಂತೆಯೇ ಇಲ್ಲ. ಬುತ್ತಿ ಮರೆತು ಬಂದು ನಾನು ಉಪವಾಸವೆಂದು ಸುಳ್ಳು ಹೇಳಿದ ಎಷ್ಟೋ ಮಧ್ಯಾಹ್ನ ಕಣ್ಣು ನೋಡಿಯೇ ಕಂಡುಹಿಡಿದು ಸಾರನ್ನ ಕಲಸಿ ತಂದವಳು. ಅವಳಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಎರಡನೆಯ ಬೆರಳಿಗೆ ಆದ ಗಾಯ ಮಾಯದೆ ಕಪ್ಪಾಗಿತ್ತು. ಆ ಒಂದು ಬೆರಳನ್ನು ತೆಗೆದುಬಿಟ್ಟರೆ ಪಾದ ಉಳಿಯುತ್ತದೆಂದು ಮೈಸೂರಿನ ಡಾಕ್ಟರು ದಿನವನ್ನೂ ಗೊತ್ತುಮಾಡಿದ್ದರು. ಅಷ್ಟರಲ್ಲಿ ಶಾಲೆಗೆ ನಮ್ಮ ಪತ್ರಿಕೆ ಹೋಗಿದೆ. ಗಾಯದ ಮೇಲೆ ಸವರಿದರೆ ಒಳಗಿನಿಂದ ಹೊಸ ಚರ್ಮ ಬೆಳೆಸುವ ಲೋಳೆಯಂಥ ಲೇಪವೊಂದನ್ನು ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದಾರೆಂದು ನಾನು ಉತ್ಸಾಹದಿಂದ ಬರೆದಿದ್ದೆ. ಕೊನೆಯ ವಾಕ್ಯ ಹೀಗಿತ್ತು: ‘ಇದರಿಂದ ಬೆರಳು ಕತ್ತರಿಸುವುದನ್ನು ತಪ್ಪಿಸಬಹುದು.’

ಚಿಕ್ಕತಾಯಮ್ಮ ಆ ಲೇಖನವನ್ನು ಕತ್ತರಿಸಿ, ಅನ್ನದ ಅಗುಳು ಸವರಿ, ಮನೆಯ ಗೋಡೆಗೆ ಅಂಟಿಸಿದ್ದಾಳೆ. ಟೀಚರಮ್ಮೋರು ತಪ್ಪಿಸ್ಬೌದು ಅಂದವ್ರೆ ಎಂದು ಆಸ್ಪತ್ರೆಗೆ ಹೋಗದೆ ಕೂತು ಹದಿನೈದು ದಿನವಾಗಿದೆ. ಇಲಿಯ ವಿಷಯ ಸವಿತಾ ನೆನಪಿಸಿದರೆ, ಇಲಿಗೇ ವಾಸಿ ಮಾಡಿದವರು ಮನುಷ್ಯರಿಗೆ ಮಾಡದೆ ಇರುತ್ತಾರಾ ಎಂದು ಅವಳನ್ನೇ ಕೇಳಿದ್ದಾಳೆ.

ಕೂಡಲೇ ಚಿಕ್ಕತಾಯಮ್ಮನಿಗೆ ಫೋನ್ ಮಾಡಿದೆ. ನೀವು ಕರೆ ಮಾಡಿದವರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಆ ಸುಮಧುರ ಕಂಠ ಹೇಳಿತು. ಮೊಬೈಲ್ ಗೋಪುರವಿಲ್ಲದ ಕಾಡಿನ ನಡುವಿನಿಂದಲೂ ಮಾಮೂಲಿ ಫೋನು ಉಪಗ್ರಹದ ಜೊತೆ ನೇರವಾಗಿ ಮಾತಾಡಬಹುದು ಎಂದು ಅದೇ ವಾರ ಬರೆದು ಮುಗಿಸಿದ್ದವಳು ನಾನು. ಆ ‘ಬಹುದು’ ಇನ್ನೂ ಕೋಟೆ ಪಟ್ಟಣದ ಆಚೆಗೆ ಬಂದಿರಲಿಲ್ಲವಾದ್ದರಿಂದ ಹುಣಸೂರು ಬಸ್‌ಸ್ಟ್ಯಾಂಡಿಗೆ ನಡೆದೆ. ಬಸ್ಸು ಎಂದಿನ ವೇಗದಲ್ಲೇ ಹೋಗುತ್ತಿದ್ದಿರಬೇಕು. ನನಗೆ ಮಾತ್ರ ಅದು ಪ್ರತಿ ಮರಕ್ಕೂ ನಮಸ್ಕಾರ ಹೇಳಿಕೊಂಡು ಹೋಗುತ್ತಿದೆ ಅನ್ನಿಸಿತು. ದಾರಿಯುದ್ದಕ್ಕೂ ಆ ಒಂದು ವಾಕ್ಯವನ್ನು ತಿದ್ದಿ ತಿದ್ದಿ ಬರೆದೆ. ತಪ್ಪಿಸಬಹುದೇನೋ. ಎಂದಾದರೊಂದು ದಿನ ತಪ್ಪಿಸಲು ಸಾಧ್ಯವಾದೀತೇನೋ. ಅಚ್ಚಾದ ಮಾತನ್ನು ಬಸ್ಸಿನಲ್ಲಿ ಕೂತು ತಿದ್ದುವವಳ ಪಾಡು ಯಾರಿಗೂ ಬೇಡ. ಕೋಟೆಯಲ್ಲಿ ಇಳಿದು, ಇನ್ನೊಂದು ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ಆಟೋ ಹಿಡಿದೆ.

ಚಿಕ್ಕತಾಯಮ್ಮ ಜಗಲಿಯ ಮೇಲೆ, ಬಟ್ಟೆ ಸುತ್ತಿದ ಕಾಲನ್ನು ಮಣೆಯ ಮೇಲೆ ಚಾಚಿ ಕೂತಿದ್ದಳು. ಹತ್ತಿರ ಹೋದಾಗ ವಾಸನೆ ಬಂತು. ಅವಳೋ, ಯಾಕಿಂಗೆ ಸೊರಗಿದ್ದೀರಿ ಎಂದು ನನ್ನನ್ನೇ ಗದರಿ, ಗಂಡ ಸಿದ್ದೇಗೌಡರನ್ನು ಟೀ ಕಾಯಿಸಲು ಒಳಗೆ ಅಟ್ಟಿದಳು. ನಾನು ಹೇಳಬೇಕಾದದ್ದನ್ನು ಬಿಟ್ಟು ಆ ಲೇಪ ಎಂಥ ಅಣುಗಳಿಂದ ಆಗಿದೆ, ಅದು ನೀರನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂದು ಹೆದರಿಕೆಗೆ ಪಾಠವನ್ನೇ ಶುರುಮಾಡಿದೆ. ಹಿಂದೆ ತರಗತಿಯ ಬಾಗಿಲಲ್ಲಿ ಸೌಟು ಹಿಡಿದು ನಿಂತು ಕೇಳುತ್ತಿದ್ದ ಹಾಗೆಯೇ ಪೂರ್ತಿ ಕೇಳಿದಳು. ಆಮೇಲೆ ಕೇಳಿದಳು:

“ಅಂಗಾರೆ ನೀವು ಬರ್ದಿದ್ದು ಸುಳ್ಳಾ, ಟೀಚರಮ್ಮ?”

“ಸುಳ್ಳಲ್ಲ ಚಿಕ್ಕತಾಯಿ. ಇನ್ನೂ ನಿಜ ಆಗಿಲ್ಲ.”

ಗಾಯದ ದೆಸೆಯಿಂದ ಬಿಚ್ಚಿದ್ದ ಎಡಗಾಲಿನ ಉಂಗುರವನ್ನು ತಾಳಿಯ ದಾರಕ್ಕೆ ಪೋಣಿಸಿಕೊಂಡಿದ್ದಳು. ಅದನ್ನೇ ಸವರುತ್ತ, ನನ್ನನ್ನು ನೋಡದೆ, “ಕಾಲುಂಗ್ರದ ಬೆರಳೇ ಓದ್ರೆ ಉಂಗ್ರ ಎಲ್ಲಿಗಾಕ್ಕಳ್ಳಿ? ಇವ್ರು ಇನ್ನೂ ಅವ್ರಲ್ಲಾ” ಎಂದಳು. ಆಗ ನನಗೆ ಅರ್ಥವಾಯಿತು. ಗಂಡ ಬದುಕಿರುವಾಗ ಕಾಲುಂಗುರ ತೊಡುವ ಬೆರಳನ್ನು ತೆಗೆಸಿಕೊಳ್ಳಲು ಅವಳು ಹೆದರಿದ್ದಳು. ಆ ಹೆದರಿಕೆಗೊಂದು ಆಸರೆ ಹುಡುಕುವಾಗ ನನ್ನ ವಾಕ್ಯ ಕೈಗೆ ಸಿಕ್ಕಿತ್ತು. ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದ ಸಿದ್ದೇಗೌಡರು ಮೆಲ್ಲಗೆ ಹೇಳಿದರು:

“ನನ್ ಕಾಲಿಗೇ ಆಕ್ಕತೀನಿ ಬುಡು. ನೀನು ಆಸ್ಪತ್ರೆಗೆ ನಡಿ.”

ಅವಳು ಮೊದಲು ನಕ್ಕಳು, ಆಮೇಲೆ ಅತ್ತಳು, ಸೆರಗಿನಲ್ಲಿ ಮುಖ ಒರೆಸಿಕೊಂಡು, “ಆಗ್ಬೌದು” ಎಂದಳು. ಅದು ಜಗಲಿಯ ಮಾತು; ಮರುದಿನ ಬೆಳಿಗ್ಗೆ ಮೂವರೂ ಮೈಸೂರಿಗೆ ಹೊರಟೆವು.

ಒಂದು ಬೆರಳು ಹೋಗಬೇಕಿದ್ದಲ್ಲಿ ಎರಡು ಹೋದವು. ಪಕ್ಕದ್ದಕ್ಕೂ ಹರಡಿತ್ತು, ಹದಿನೈದು ದಿನ ಮೊದಲು ಬಂದಿದ್ದರೆ ಅದು ಉಳಿಯುತ್ತಿತ್ತು ಎಂದು ಡಾಕ್ಟರು ಚೀಟಿ ಬರೆಯುತ್ತಲೇ ಹೇಳಿದರು. ಯಾರೂ ನನ್ನ ಕಡೆ ನೋಡಲಿಲ್ಲ. ಮೊದಲನೆಯದನ್ನು ಕಾಯಿಲೆ ತೆಗೆದುಕೊಂಡಿತು. ಎರಡನೆಯದನ್ನು ನಾನು ತೆಗೆದೆ ಎಂಬ ಸಂಕಟ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ವ್ಯಾಕರಣ ಸರಿಯಿತ್ತು ಎಂಬ ಸಮಾಧಾನದಿಂದ ಏನು ಮಾಡಲಿ?

ಗಾಯ ಒಣಗಿದ ಮೇಲೆ ನೋಡಲು ಹೋದಾಗ ಸಿದ್ದೇಗೌಡರು ಹೊಲಕ್ಕೆ ಹೊರಟಿದ್ದರು. ಅವರ ಎಡಗಾಲಿನ ಕಿರುಬೆರಳಲ್ಲಿ, ಅಲ್ಲಿಗಷ್ಟೇ ಹಿಡಿಸಿದ್ದ ಆ ಬೆಳ್ಳಿಯುಂಗುರವಿತ್ತು; ನಾನು ನೋಡಿದ್ದು ಕಂಡು ನಾಚಿ ಬೇಗಬೇಗ ಚಪ್ಪಲಿ ಮೆಟ್ಟಿದರು. ನಾನು ಚಿಕ್ಕತಾಯಮ್ಮನ ಎದುರು ಕೂತು, ಇನ್ನು ಅಂಕಣ ಬರೆಯುವುದಿಲ್ಲವೆಂದು ಹೇಳಿದೆ. ಅವಳಿಗೆ ಸಿಟ್ಟೇ ಬಂತು.

“ಬರೀದೆ ಇದ್ರೆ ನಮಗೆ ಯಾರು ಯೋಳ್ತಾರೆ? ನಂಗಿನ್ನೊಂದು ಕಾಲದೆ, ಟೀಚರಮ್ಮ. ಔಸ್ದಿ ಬಂದೇಟ್ಗೆ ಬರೀರಿ. ಆದ್ರೆ ಬೌದು ಅನ್ಬ್ಯಾಡಿ. ಬಂದದೆ ಅನ್ನಿ.”

ಬೆಳಗಿನ ಕಾಫಿ ಲೋಟ ಹಿಡಿದು ಈಗಲೂ ಫೋನು ತೆರೆಯುತ್ತೇನೆ. ಕಾಂಕ್ರೀಟು, ಉಪಗ್ರಹ ಎಲ್ಲವನ್ನೂ ದಾಟಿಕೊಂಡು ಹೋಗಿ ಆ ಲೇಪದ ಸುದ್ದಿಯಲ್ಲಿ ಒಂದೇ ಒಂದು ಕ್ರಿಯಾಪದವನ್ನು ಹುಡುಕುತ್ತೇನೆ. ಇವತ್ತೂ ಅದು ಬಾಲಂಗೋಚಿಯ ಸಮೇತವೇ ಸಿಕ್ಕಿತು. ಕೂತಲ್ಲಿ ಕೂರಲಾಗುತ್ತಿಲ್ಲ.